ಆಟ ಕಲಿತವರು ಆಟ ಕಲಿಸುವವರಾಗುವ ಬಗೆ
(ಶಾಲೆಯ ವಾರ್ಷಿಕೋತ್ಸವದಂದು ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ಪ್ರತಿವರ್ಷವೂ ಬಹುಮಾನ ವಿತರಣೆಗೆ ಮೊದಲು ನಾಲ್ಕು ಮಾತು ಹೇಳುವ ಹೊಣೆ ನಮ್ಮ ಪಾಲಿಗೆ ಬರುತ್ತದೆ. ಈ ಸಲ ಪಾಠದ ಬಹುಮಾನಗಳ ವಿಚಾರವನ್ನು ಬದಿಗಿಟ್ಟು, ಆಟದ ಬಹುಮಾನಗಳ ವಿಚಾರವನ್ನು ಎತ್ತಿಕೊಂಡಿದ್ದೇವೆ. ಅದಕ್ಕೊಂದು ಕಾರಣವುಂಟು.

ಇಪ್ಪತ್ತೈದು ವರ್ಷಗಳ ಹಿಂದೆ, ನಾವು ಆಗತಾನೆ ಅಧ್ಯಾಪಕ ವೃತ್ತಿಗೆ ಬಂದಿದ್ದಾಗ, ನಮ್ಮ ತರಗತಿಯಲ್ಲಿ ವಾಲಿಬಾಲ್ ಆಟದಲ್ಲಿ ಎದ್ದು ಕಾಣುವ ಹುಡುಗನೊಬ್ಬನಿದ್ದ. ತಾನು ಆಡುವುದಕ್ಕಿಂತಲೂ ಕಿರಿಯರಿಗೆ ಕಲಿಸಿ ಆಡಿಸುವುದರಲ್ಲಿ ಅವನಿಗೆ ಹೆಚ್ಚಿನ ಸಂತೋಷ. ಅವನು ಕಾಲೇಜು ಮುಗಿಸಿ ಒಂದು ದಿನ ನಮ್ಮಲ್ಲಿಗೆ ಬಂದು, "ಮಾಷ್ಟ್ರೇ, ಆಟ ಕಲಿಸುವ ಕೆಲಸಕ್ಕೆ ದಾರಿ ಯಾವುದು?" ಎಂದು ಕೇಳಿದ. ನಾವು ಒಂದು ಗಳಿಗೆಯೂ ಯೋಚಿಸದೆ, "ಆಟದಿಂದ ಹೊಟ್ಟೆ ತುಂಬುವುದಿಲ್ಲವಪ್ಪಾ, ಗುಮಾಸ್ತೆ ಪರೀಕ್ಷೆಗೆ ಕಟ್ಟು" ಎಂದುಬಿಟ್ಟೆವು. ಅವನು ಮರುಮಾತಾಡದೆ ಹೊರಟುಹೋದ. ಇಂದು ಪೇಟೆಯಲ್ಲಿ ಅಂಗಡಿಯಿಟ್ಟು ಮರ್ಯಾದೆಯಿಂದ ಬಾಳುತ್ತಿದ್ದಾನೆ. ಮೊನ್ನೆ ಅವನ ಮಗಳು, ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿ, ಅದೇ ಪ್ರಶ್ನೆಯನ್ನು ಹೊತ್ತು ಬಂದಳು. ಅಮೆರಿಕದಲ್ಲಿ ಪದವಿ ಮುಗಿಸಿದವರನ್ನು ಕಾಲೇಜು ತಂಡಗಳ ಸಹಾಯಕ ಕೋಚ್ ಆಗಿ ಸೇರಿಸಿಕೊಂಡು, ಮೇಲಿನ ಓದಿಗೂ ಅನುವು ಮಾಡಿಕೊಡುತ್ತಾರಂತೆ, ನಿಜವೇ ಎಂದು ಕೇಳಿದಳು. ಹಿಂದೆ ನಿಂತಿದ್ದ ತಂದೆ, "ಅಂದು ನನಗೆ ಹೇಳಿದ್ದನ್ನೇ ಇವಳಿಗೂ ಹೇಳುತ್ತೀರಾ, ಮಾಷ್ಟ್ರೇ?" ಎಂದ. ನಮಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಅಂದು ವಿಚಾರಿಸದೆ ನುಡಿದ ತಪ್ಪನ್ನು ಮತ್ತೊಮ್ಮೆ ಮಾಡಬಾರದೆಂದು, ವಿಚಾರಿಸಿ ತಿಳಿದುದನ್ನು ಇಂದು ನಿಮ್ಮೆಲ್ಲರ ಮುಂದಿಡುತ್ತಿದ್ದೇವೆ.

ಆ ಮಗು ಕೇಳಿದ್ದು ನಿಜ. ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ 'ಗ್ರಾಜುಯೇಟ್ ಅಸಿಸ್ಟೆಂಟ್ ಕೋಚ್' ಎಂಬ ಸ್ಥಾನವುಂಟು. ಈ ಸ್ಥಾನದಲ್ಲಿರುವವನು ಒಂದೇ ಕಾಲಕ್ಕೆ ಶಿಷ್ಯನೂ ಹೌದು, ಶಿಕ್ಷಕನೂ ಹೌದು. ಹಗಲು ಸ್ನಾತಕೋತ್ತರ ತರಗತಿಯಲ್ಲಿ ಕುಳಿತು ಓದುತ್ತಾನೆ. ಉಳಿದ ಹೊತ್ತಿನಲ್ಲಿ ತಂಡದ ಮುಖ್ಯ ಕೋಚಿನ ಕೈಕೆಳಗೆ ದುಡಿಯುತ್ತಾನೆ. ಆ ದುಡಿಮೆಗೆ ಪ್ರತಿಫಲವಾಗಿ ವಿಶ್ವವಿದ್ಯಾನಿಲಯವು ಅವನ ಬೋಧನಶುಲ್ಕವನ್ನು ಪೂರ್ಣವಾಗಿಯೋ ಭಾಗಶಃವೋ ಬಿಟ್ಟುಕೊಟ್ಟು, ಕೈಖರ್ಚಿಗೆಂದು ಸಣ್ಣದೊಂದು ಭತ್ಯವನ್ನು ಕೊಡುತ್ತದೆ. ಎಲ್ಲ ಕಡೆಯೂ ಒಂದೇ ಕ್ರಮವೆಂದು ತಿಳಿಯಬಾರದು. ಶುಲ್ಕವನ್ನು ಮಾತ್ರ ಬಿಡುವವರೂ ಉಂಟು, ವಸತಿಯನ್ನು ಮಾತ್ರ ಒದಗಿಸುವವರೂ ಉಂಟು. ಸಾಮಾನ್ಯವಾಗಿ ಇದು ಎರಡು ವರ್ಷದ ಮಾತು. ಸ್ನಾತಕೋತ್ತರ ಪದವಿ ಮುಗಿಯಿತೆಂದರೆ ಈ ಸ್ಥಾನವೂ ಮುಗಿಯಿತು.

ಇನ್ನು ಕೆಲಸದ ವಿಚಾರ. ಸೀಟಿ ಊದಿ ಅಪ್ಪಣೆ ಕೊಡುವುದೇ ಕೋಚಿನ ಕೆಲಸವೆಂದು ನಮ್ಮ ಹುಡುಗರ ಭಾವನೆ. ಈ ಸಹಾಯಕನ ದಿನ ಹಾಗಲ್ಲ. ಬೆಳಗಾಗುವ ಮೊದಲೇ ಬಯಲಿಗೆ ಬಂದು ಸಾಮಗ್ರಿಗಳನ್ನು ಅಣಿಗೊಳಿಸಬೇಕು. ಎದುರಾಳಿ ತಂಡದ ಆಟದ ಚಿತ್ರಗಳನ್ನು ಗಂಟೆಗಟ್ಟಲೆ ನೋಡಿ, ಯಾರು ಎಲ್ಲಿ ಚೆಂಡು ಹೊಡೆಯುತ್ತಾರೆ, ಯಾವ ಗಳಿಗೆಯಲ್ಲಿ ಎಡವುತ್ತಾರೆ ಎಂಬುದನ್ನು ತುಂಡು ತುಂಡಾಗಿ ವಿಂಗಡಿಸಿ ಬರೆದಿಡಬೇಕು. ಪ್ರಯಾಣದ ಏರ್ಪಾಡು, ಊಟದ ಲೆಕ್ಕ, ಆಟಗಾರರು ಪಾಠಕ್ಕೆ ಹೋದರೋ ಇಲ್ಲವೋ ಎಂಬ ವಿಚಾರಣೆ, ಎಲ್ಲವೂ ಅವನ ತಲೆಗೇ ಬರುತ್ತದೆ. ಹೆಸರು ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ. ಆದರೆ ಎರಡು ವರ್ಷ ಈ ಚಾಕರಿ ಮಾಡಿದವನಿಗೆ ಒಂದು ತಂಡವನ್ನು ಕಟ್ಟುವ ಒಳಗುಟ್ಟು ಕರಗತವಾಗುತ್ತದೆ.

ಈ ಮೆಟ್ಟಿಲಿನಿಂದ ಎಲ್ಲಿಗೆ ಏರಬಹುದೆಂಬುದಕ್ಕೆ ಒಂದು ನಿದರ್ಶನ ಕೊಡುತ್ತೇವೆ. ಟೆನೆಸಿ ಸಂಸ್ಥಾನದ ಒಂದು ಒಕ್ಕಲು ಮನೆತನದಲ್ಲಿ 1952ರಲ್ಲಿ ಪೆಟ್ರೀಷಿಯಾ ಹೆಡ್ ಎಂಬ ಹೆಣ್ಣುಮಗು ಹುಟ್ಟಿತು. ಮುಂದೆ ಲೋಕವು ಆಕೆಯನ್ನು ಪ್ಯಾಟ್ ಸಮಿಟ್ ಎಂದು ಕರೆಯಿತು. ಹುಲ್ಲು ತುಂಬುವ ಅಟ್ಟದಲ್ಲಿ ಅಣ್ಣಂದಿರ ಜೊತೆ ಬಾಸ್ಕೆಟ್‌ಬಾಲ್ ಆಡುತ್ತ ಆಕೆ ಬೆಳೆದಳು. ಅವರಿದ್ದ ಊರಿನ ಶಾಲೆಯಲ್ಲಿ ಹುಡುಗಿಯರ ತಂಡವಿರಲಿಲ್ಲ. ಮಗಳು ಆಡಲೆಂದು ತಂದೆತಾಯಿಗಳು ಸಂಸಾರವನ್ನೇ ಎತ್ತಿಕೊಂಡು ಗಡಿ ದಾಟಿ ಪಕ್ಕದ ಕೌಂಟಿಗೆ, ಎಂದರೆ ನಮ್ಮ ತಾಲೂಕು ಜಿಲ್ಲೆಗಳಂಥ ಇನ್ನೊಂದು ಆಡಳಿತ ವಿಭಾಗಕ್ಕೆ, ಬಿಡಾರ ಬದಲಿಸಿದರು. ಮಕ್ಕಳ ಶಾಲೆಗಾಗಿ ಗಡಿಯ ಕಷ್ಟವನ್ನು ಅನುಭವಿಸಿದ ನಮ್ಮ ಜನಕ್ಕೆ ಈ ಮಾತು ಚೆನ್ನಾಗಿ ಅರ್ಥವಾದೀತು.

1974ರಲ್ಲಿ, ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಪದವಿ ಮುಗಿಸಿದ ಆಕೆ ನಾಕ್ಸ್‌ವಿಲ್ಲಿನ ಟೆನೆಸಿ ವಿಶ್ವವಿದ್ಯಾನಿಲಯಕ್ಕೆ ಗ್ರಾಜುಯೇಟ್ ಅಸಿಸ್ಟೆಂಟ್ ಆಗಿ ಬಂದಳು. ಅಷ್ಟರಲ್ಲಿ ಮುಖ್ಯ ಕೋಚ್ ಸ್ಥಾನ ತೆರವಾಗಿ, ಆ ಭಾರವೂ ಈ ಎಳೆಯ ಹೆಗಲಿಗೇ ಬಂದಿತು. ಸಂಬಳ ತಿಂಗಳಿಗೆ 250 ಡಾಲರ್. ತಂಡದಲ್ಲಿ ಕೆಲವರು ಆಕೆಗಿಂತ ಒಂದೇ ವರ್ಷ ಚಿಕ್ಕವರು. ಆಟಗಾರ್ತಿಯರ ಉಡುಪುಗಳನ್ನು ಆಕೆಯೇ ಒಗೆಯುತ್ತಿದ್ದಳು; ಆ ಉಡುಪುಗಳಾದರೂ ಹಿಂದಿನ ವರ್ಷ ತಿಂಡಿ ಮಾರಿ ಕೂಡಿಸಿದ ಹಣದಿಂದ ಕೊಂಡವು. ಮೊದಲನೆಯ ಪಂದ್ಯದಲ್ಲಿ ಒಂದೇ ಅಂಕದಿಂದ ಸೋಲಾಯಿತು. ಆಕೆ ಕುಗ್ಗಲಿಲ್ಲ, ಓದನ್ನೂ ಬಿಡಲಿಲ್ಲ, ಆಟವನ್ನೂ ಬಿಡಲಿಲ್ಲ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಲ್ಲಿ ಆಟಗಾರ್ತಿಯಾಗಿ ಬೆಳ್ಳಿಯ ಪದಕ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಆಕೆ ಪಳಗಿಸಿದ ತಂಡಕ್ಕೆ ಚಿನ್ನದ ಪದಕ. 2012ರಲ್ಲಿ ನಿವೃತ್ತಳಾಗುವ ವೇಳೆಗೆ 1098 ಜಯಗಳೂ 8 ರಾಷ್ಟ್ರೀಯ ಪ್ರಶಸ್ತಿಗಳೂ ಆಕೆಯ ಹೆಸರಿನಲ್ಲಿದ್ದುವು. 2016ರಲ್ಲಿ ಆಕೆ ತೀರಿಕೊಂಡಳು. ಅಧ್ಯಾಪಕರಾದ ನಮಗೆ ಈ ಎಲ್ಲ ಅಂಕೆಗಳಿಗಿಂತ ದೊಡ್ಡದಾಗಿ ಕಾಣುವ ಸಂಗತಿ ಬೇರೊಂದುಂಟು: ಆಕೆಯ ಕೈಕೆಳಗೆ ಪೂರ್ಣಾವಧಿ ಆಡಿದ ಪ್ರತಿಯೊಬ್ಬ ಹೆಣ್ಣುಮಗಳೂ ಪದವಿಯನ್ನು ಪಡೆದಳು.

ಎಲ್ಲರೂ ಸಮಿಟ್ ಆಗುವುದಿಲ್ಲ. ಆ ಕಾಲದಲ್ಲಿ ಮಹಿಳೆಯರ ಆಟಕ್ಕೆ ಹಣವೂ ಇರಲಿಲ್ಲ, ಪೈಪೋಟಿಯೂ ಇರಲಿಲ್ಲ. ಇಂದು ಮುಖ್ಯ ಸ್ಥಾನವು ಹಾಗೆ ಮಡಿಲಿಗೆ ಬೀಳುವುದಿಲ್ಲ. ಸಹಾಯಕ ಸ್ಥಾನವನ್ನು ಪಡೆಯಬೇಕಾದರೂ ಎರಡು ಬಾಗಿಲು ತೆರೆಯಬೇಕು. ಮೊದಲನೆಯದು ವಿಶ್ವವಿದ್ಯಾನಿಲಯದ ಬಾಗಿಲು. ಅದಕ್ಕೆ ಪದವಿಯ ಅಂಕಗಳು ಬೇಕು, ಗುರುಗಳ ಶಿಫಾರಸು ಪತ್ರಗಳು ಬೇಕು, ಪರದೇಶದವರಾದರೆ ಇಂಗ್ಲಿಷ್ ಪರೀಕ್ಷೆಯೂ ಬೇಕು. ನಮ್ಮ ಮೂರು ವರ್ಷದ ಪದವಿಯನ್ನು ಒಪ್ಪದೆ ನಾಲ್ಕು ವರ್ಷದ ಓದನ್ನೇ ಕೇಳುವ ಕಡೆಗಳೂ ಉಂಟು. ಎರಡನೆಯದು ಕೋಚಿನ ಬಾಗಿಲು. ಅಲ್ಲಿಯ ಕಾಲೇಜುಗಳಲ್ಲಿಯೇ ಆಡಿದವರಿಗೆ ಸಹಜವಾಗಿ ಮೊದಲ ಮಣೆ. ಉಳಿದವರು ಬೇಸಗೆಯ ಶಿಬಿರಗಳಲ್ಲಿ ಮಕ್ಕಳಿಗೆ ಕಲಿಸಿ, ಕಿರಿಯರ ತಂಡಗಳನ್ನು ನಡೆಸಿ, ತಾವು ಮಾಡಿದ ಕೆಲಸವನ್ನು ಬರೆದು ತೋರಿಸಬೇಕು. ಶರತ್ಕಾಲದಲ್ಲಿ ವರ್ಷ ಆರಂಭವಾಗುವುದರಿಂದ ಅದಕ್ಕೆ ಬಹು ತಿಂಗಳು ಮುಂಚೆಯೇ ಕೋಚುಗಳಿಗೆ ಪತ್ರ ಬರೆಯತೊಡಗಬೇಕು. ಹತ್ತು ಪತ್ರಗಳಿಗೆ ಉತ್ತರ ಬರಲಿಲ್ಲವೆಂದು ಕೈಚೆಲ್ಲಿದವನಿಗೆ ಈ ದಾರಿಯಲ್ಲ.

ಪೋಷಕರು ತಿಳಿದಿರತಕ್ಕ ಮಾತುಗಳೂ ಕೆಲವುಂಟು. ಅಲ್ಲಿಯ ಕಾಲೇಜುಗಳ ಆಟಗಳನ್ನು ಆಳುವ ದೊಡ್ಡ ಸಂಸ್ಥೆ ಎನ್.ಸಿ.ಎ.ಎ. ಅದರ ಪಟ್ಟಿಯಲ್ಲಿ ನಮ್ಮ ಕಬಡ್ಡಿಯೂ ಇಲ್ಲ, ಕ್ರಿಕೆಟ್ಟೂ ಇಲ್ಲ. ವಾಲಿಬಾಲ್, ಟೆನ್ನಿಸ್, ಈಜು, ಓಟ ಮುಂತಾದುವುಂಟು. ವಿದ್ಯಾರ್ಥಿಯ ರಹದಾರಿಯಲ್ಲಿ ಹೋದವರು ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಭತ್ಯದಿಂದ ಮನೆಗೆ ಹಣ ಕಳುಹಿಸುವ ಆಸೆಯನ್ನು ಇಟ್ಟುಕೊಳ್ಳಬಾರದು. ಸ್ಥಾನ ಕೊಡಿಸುತ್ತೇವೆಂದು ಮುಂಗಡ ಕೇಳುವವರನ್ನು ನಂಬಿ ಗದ್ದೆ ತೋಟಗಳನ್ನು ಅಡವಿಡಬಾರದು. ಕೊಡತಕ್ಕವರು ವಿಶ್ವವಿದ್ಯಾನಿಲಯದವರು, ಕೇಳತಕ್ಕದ್ದೂ ಅವರನ್ನೇ.

ಹಾಗಾದರೆ ಅಷ್ಟು ದೂರ ಹೋಗಲಾರದವರ ಗತಿಯೇನು? ಹತ್ತಿರದ ದಾರಿಗಳೂ ಇವೆ. ಅಮೆರಿಕದಿಂದ ಬಂದ ಹ್ಯಾರಿ ಕ್ರೋ ಬಕ್ ಎಂಬವರು 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ವ್ಯಾಯಾಮ ಶಿಕ್ಷಣ ಕಾಲೇಜನ್ನು ಆರಂಭಿಸಿದರು. ನಮ್ಮ ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯೊಡನೆ ಮದರಾಸಿಗೇ ಸೇರಿತ್ತು. ನಾವು ಅಷ್ಟೊಂದು ಗೌರವ ಕೊಡದೆ 'ಡ್ರಿಲ್ ಮಾಷ್ಟ್ರು' ಎಂದು ಕರೆಯುವವರ ವಿದ್ಯೆಗೂ ಶಾಸ್ತ್ರವುಂಟು, ಪದವಿಯುಂಟು. 1961ರಲ್ಲಿ ಪಟಿಯಾಲದ ಮೋತಿಬಾಗ್ ಅರಮನೆಯಲ್ಲಿ ಆರಂಭವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಆಟ ಕಲಿಸುವವರಿಗೆ ಡಿಪ್ಲೊಮಾ ಕೊಡುತ್ತ ಬಂದಿದೆ. ಆ ಶಿಕ್ಷಣ ಬೆಂಗಳೂರಿನಲ್ಲಿಯೂ ದೊರೆಯುತ್ತದೆ. ಅಲ್ಲಿಯೂ ಕೇಳುವುದು ಇದನ್ನೇ: ಓದಿದ್ದೀಯಾ? ಆಡಿದ್ದೀಯಾ?

ಆದುದರಿಂದ ವಿದ್ಯಾರ್ಥಿಗಳೇ, ಆಟಕ್ಕಾಗಿ ಪಾಠವನ್ನು ಬಿಟ್ಟವನಿಗೆ ಈ ಬಾಗಿಲುಗಳಲ್ಲಿ ಒಂದೂ ತೆರೆಯದು. ಪಾಠಕ್ಕಾಗಿ ಆಟವನ್ನು ಬಿಟ್ಟವನಿಗೂ ತೆರೆಯದು. ಕನ್ನಡದಲ್ಲಿ ಓದಿದ್ದು ಇದಕ್ಕೆ ಅಡ್ಡಿಯಲ್ಲ. ಒಂದು ವಿಷಯವನ್ನು ತಾಯ್ನುಡಿಯಲ್ಲಿ ತಿಳಿದು ಕಿರಿಯನಿಗೆ ತಿಳಿಯಹೇಳಬಲ್ಲವನು ಇಂಗ್ಲಿಷನ್ನೂ ಕಲಿತು ಅದರಲ್ಲಿಯೂ ಹೇಳಬಲ್ಲ. ಆದರೆ ಆ ಕಲಿಕೆಯನ್ನು ಕಾಲೇಜಿನವರೆಗೆ ತಳ್ಳದೆ ಈಗಲೇ ತೊಡಗಬೇಕು.

ಆ ಹಳೆಯ ಶಿಷ್ಯನೂ ಅವನ ಮಗಳೂ ಈ ಸಭೆಯಲ್ಲಿದ್ದಾರೆ. ಅವರಿಗೆ ಈಗ ಉತ್ತರ ಹೇಳುತ್ತೇವೆ. ಅಂದು ನಾವು ಹೇಳಿದ್ದು ತಪ್ಪು. ದಾರಿ ಇಲ್ಲವೆಂದು ಹೇಳಿದೆವು. ನಮಗೆ ತಿಳಿಯದು, ವಿಚಾರಿಸೋಣ ಎನ್ನಬೇಕಾಗಿತ್ತು. ಮಗಳಿಗೆ ಹೇಳುವುದಿಷ್ಟೇ: ನಾಳೆಯಿಂದ ಸಂಜೆ ನಾಲ್ಕೂವರೆಗೆ ಐದನೆಯ ತರಗತಿಯ ಮಕ್ಕಳಿಗೆ ವಾಲಿಬಾಲ್ ಕಲಿಸುವ ಹೊಣೆ ನಿನ್ನದಮ್ಮ. ಬಲೆ ಕಟ್ಟುವುದೂ ಬಿಚ್ಚುವುದೂ ಹಾಜರಿ ಬರೆಯುವುದೂ ನಿನ್ನದೇ. ಗಣಿತದ ಅಂಕಗಳು ಮಾತ್ರ ಇಳಿಯಕೂಡದು. ಮುಂದೆ ನೀನು ಎಲ್ಲಿಗೆ ಅರ್ಜಿ ಬರೆದರೂ ಅದರ ಮೊದಲನೆಯ ಸಾಲು ಇದೇ ಆಗಲಿ.