ಬೆಂಕಿ ಆರಿದ ಮೇಲೆ ಉಳಿಯುವ ಕರ್ತವ್ಯ: ಅಗ್ನಿ ಅವಘಡದ ವರದಿ ಮತ್ತು ಗ್ರಾಮ ಪಂಚಾಯಿತಿ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಬೇಸಿಗೆಯಲ್ಲಿ ಬಣವೆಗೋ ಕೊಟ್ಟಿಗೆಗೋ ಬೆಂಕಿ ಬಿದ್ದಾಗ ಊರಿನ ಜನರೇ ಕೊಡ ಹಿಡಿದು ಓಡಿಬಂದು, ನೀರಿನ ಟ್ಯಾಂಕರ್ ತರಿಸಿ ನಂದಿಸುವುದು ವಾಡಿಕೆ. ಅಗ್ನಿಶಾಮಕ ವಾಹನವು ದೂರದ ಠಾಣೆಯಿಂದ ಬರುವ ವೇಳೆಗೆ ಬಹುಪಾಲು ಸುಟ್ಟುಹೋಗಿರುತ್ತದೆ. ಎಷ್ಟೋ ಸಲ ಠಾಣೆಗೆ ಕರೆಯೇ ಹೋಗಿರುವುದಿಲ್ಲ. ಬೆಂಕಿ ಆರಿದೊಡನೆ ಕೆಲಸ ಮುಗಿಯಿತೆಂದು ಎಲ್ಲರೂ ಭಾವಿಸುತ್ತಾರೆ. ಆದರೆ ಕರೆಯುವ ಎಮ್ಮೆಯನ್ನು ಕಳೆದುಕೊಂಡ ಕುಟುಂಬದ ಕಷ್ಟ ಆರಂಭವಾಗುವುದೇ ಮರುದಿನ. ಪರಿಹಾರದ ಅರ್ಜಿ ಹಿಡಿದು ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆ: ಬೆಂಕಿ ಬಿದ್ದದ್ದಕ್ಕೆ ದಾಖಲೆ ಏನಿದೆ?

ಇದೇ ಪ್ರಶ್ನೆಯನ್ನು ಶಾಸನದ ಮೂಲಕ ಬಗೆಹರಿಸಲು ಯತ್ನಿಸಿದ ದೇಶ ಅಮೆರಿಕ. ಅಲ್ಲಿ ಅಗ್ನಿಶಾಮಕ ದಳಗಳು ಬಹುಮಟ್ಟಿಗೆ ಪಟ್ಟಣ, ನಗರಗಳಂತಹ ಸ್ಥಳೀಯ ಸಂಸ್ಥೆಗಳ ಅಧೀನದಲ್ಲಿವೆ. ಅನೇಕ ಊರುಗಳಲ್ಲಿ ಸ್ವಯಂಸೇವಕರೇ ದಳವನ್ನು ನಡೆಸುತ್ತಾರೆ. ಬೆಂಕಿಯ ಹಾನಿಯನ್ನು ಪರಿಶೀಲಿಸಿದ ರಾಷ್ಟ್ರೀಯ ಆಯೋಗವೊಂದು 1973ರಲ್ಲಿ ವರದಿ ಸಲ್ಲಿಸಿತು. 1974ರಲ್ಲಿ ಕೇಂದ್ರ ಶಾಸನವೊಂದು ಜಾರಿಗೆ ಬಂದು, ಅದರ ಫಲವಾಗಿ ಅಗ್ನಿ ಅವಘಡಗಳ ರಾಷ್ಟ್ರೀಯ ವರದಿ ವ್ಯವಸ್ಥೆ ರೂಪುಗೊಂಡಿತು. ಆದರೆ ಈ ವ್ಯವಸ್ಥೆಗೆ ವರದಿ ನೀಡಬೇಕೆಂದು ಕೇಂದ್ರವು ಸ್ಥಳೀಯ ದಳಗಳನ್ನು ಕಡ್ಡಾಯಪಡಿಸಲಿಲ್ಲ. ಕಡ್ಡಾಯಗೊಳಿಸುವ ಅಧಿಕಾರ ರಾಜ್ಯಗಳಿಗೇ ಉಳಿಯಿತು. ಕ್ಯಾಲಿಫೋರ್ನಿಯಾ ರಾಜ್ಯದ ಆರೋಗ್ಯ ಮತ್ತು ಸುರಕ್ಷಾ ಸಂಹಿತೆಯ ಪ್ರಕರಣ 13110.5ರಂತೆ, ಪ್ರತಿ ದಳದ ಮುಖ್ಯಾಧಿಕಾರಿಯು ತನ್ನ ವ್ಯಾಪ್ತಿಯಲ್ಲಿ ಸಂಭವಿಸಿದ ಪ್ರತಿಯೊಂದು ಬೆಂಕಿಯ ಮಾಹಿತಿಯನ್ನು ರಾಜ್ಯದ ಅಗ್ನಿ ಸುರಕ್ಷಾ ಮುಖ್ಯಸ್ಥರಿಗೆ ಒದಗಿಸತಕ್ಕದ್ದು. ದೊಡ್ಡ ಬೆಂಕಿ, ಸಣ್ಣ ಬೆಂಕಿ ಎಂಬ ಭೇದ ಅದರಲ್ಲಿಲ್ಲ.

ಸಣ್ಣ ವರದಿಯಿಂದಾಗುವ ಪ್ರಯೋಜನಕ್ಕೆ ಅಲ್ಲಿಯದೇ ನಿದರ್ಶನವಿದೆ. ಪುಟ್ಟ ಮಕ್ಕಳು ಲೈಟರ್ ಹಿಡಿದು ಆಡುವಾಗ ಮನೆಗೆ ಬೆಂಕಿ ಬಿದ್ದ ಸುದ್ದಿ ಒಂದು ಊರಿನ ಮಟ್ಟಿಗೆ ಬಿಡಿ ದುರ್ಘಟನೆ. ಹಲವು ಊರುಗಳ ವರದಿಗಳು ಒಂದೆಡೆ ಸೇರಿದಾಗ ಅದೇ ಒಂದು ಕಾರಣವಾಗಿ ಎದ್ದು ಕಂಡಿತು. ಮಕ್ಕಳ ಕೈಗೆ ಸುಲಭವಾಗಿ ಹೊತ್ತದ ಲೈಟರ್‌ಗಳನ್ನೇ ತಯಾರಿಸಬೇಕೆಂಬ ನಿಯಮ 1994ರಲ್ಲಿ ಜಾರಿಗೆ ಬಂದಿತು.

ನಮ್ಮ ರಾಜ್ಯದ ಏರ್ಪಾಡು ಬೇರೆ. ಕರ್ನಾಟಕ ಅಗ್ನಿಶಾಮಕ ದಳ ಅಧಿನಿಯಮ, 1964ರಂತೆ ಅಗ್ನಿಶಾಮಕ ದಳವು ರಾಜ್ಯ ಸರ್ಕಾರದ್ದು. ಗ್ರಾಮ ಪಂಚಾಯಿತಿಗೆ ಸ್ವಂತ ದಳವಿಲ್ಲ. ದಳವು ಹೋದ ಕರೆಯ ದಾಖಲೆ ಠಾಣೆಯಲ್ಲಿ ಉಳಿಯುತ್ತದೆ. ಊರಿನವರೇ ನಂದಿಸಿದ ಬೆಂಕಿಯ ದಾಖಲೆ ಎಲ್ಲಿಯೂ ಉಳಿಯುವುದಿಲ್ಲ. ಈ ಕೊರತೆಯನ್ನು ತುಂಬಬಲ್ಲ ಸಂಸ್ಥೆ ಗ್ರಾಮ ಪಂಚಾಯಿತಿಯೇ.

ಸದಸ್ಯರ ಮೇಲೆ ಕಾನೂನಿನ ಹೊಣೆಯೂ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕರಣ 34ರ ಪ್ರಕಾರ, ಗ್ರಾಮದಲ್ಲಿ ಅಥವಾ ಅದರ ಸಮೀಪದಲ್ಲಿ ಹಠಾತ್ ಅಥವಾ ಅಸ್ವಾಭಾವಿಕ ಸಾವು, ಜಾಮೀನುರಹಿತ ಅಪರಾಧ ಮುಂತಾದವು ನಡೆದುದು ತಿಳಿದುಬಂದರೆ ಕೂಡಲೇ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ಅಥವಾ ಪೊಲೀಸ್ ಠಾಣಾಧಿಕಾರಿಗೆ ತಿಳಿಸತಕ್ಕದ್ದು. ಈ ಹೊಣೆಗೆ ಒಳಪಟ್ಟವರಲ್ಲಿ ಪಂಚಾಯಿತಿ ಸದಸ್ಯರನ್ನು ಆ ಪ್ರಕರಣವೇ ಸ್ಪಷ್ಟವಾಗಿ ಸೇರಿಸಿದೆ. ಬೆಂಕಿಯಲ್ಲಿ ಸಾವು ಸಂಭವಿಸಿದರೆ, ಅಥವಾ ವಾಸದ ಮನೆಗೆ ಯಾರೋ ಬೇಕೆಂದೇ ಬೆಂಕಿ ಇಟ್ಟಿದ್ದರೆ, "ನಮಗೇಕೆ ಊರ ಉಸಾಬರಿ" ಎನ್ನಲು ಸದಸ್ಯರಿಗೆ ಅವಕಾಶವಿಲ್ಲ.

ಪರಿಹಾರದ ವಿಷಯವನ್ನೂ ಗಮನಿಸಬೇಕು. ರಾಜ್ಯ ವಿಪತ್ತು ಪ್ರತಿಕ್ರಿಯಾ ನಿಧಿಯ ನೆರವಿಗೆ ಅರ್ಹವಾದ ವಿಪತ್ತುಗಳ ಪಟ್ಟಿಯಲ್ಲಿ ಬೆಂಕಿಯೂ ಸೇರಿದೆ. 2022–26ರ ಅವಧಿಯ ಮಾರ್ಗಸೂಚಿಯಲ್ಲಿ ಮೃತರ ಕುಟುಂಬಕ್ಕೆ 4 ಲಕ್ಷ ರೂಪಾಯಿ, ಹಾಲು ಕೊಡುವ ಹಸು ಅಥವಾ ಎಮ್ಮೆಗೆ 37,500 ರೂಪಾಯಿ ನಿಗದಿಯಾಗಿದೆ. ಅರ್ಹತೆಯನ್ನು ಕಂದಾಯ ಇಲಾಖೆ ತೀರ್ಮಾನಿಸುತ್ತದೆ. ಸಾವಿನ ಕಾರಣಕ್ಕೆ ಸಕ್ಷಮ ಪ್ರಾಧಿಕಾರದ ದೃಢೀಕರಣ ಅಗತ್ಯ. ಆದುದರಿಂದ ಸತ್ತ ಜಾನುವಾರನ್ನು ಹೂಳುವ ಮುನ್ನ ಪಶುವೈದ್ಯಾಧಿಕಾರಿಯನ್ನು ಕರೆಸುವುದು ಲೇಸು.

ಪ್ರತಿ ಗ್ರಾಮ ಪಂಚಾಯಿತಿಯೂ ಸಾಮಾನ್ಯ ಸಭೆಯಲ್ಲಿ ನಿರ್ಣಯ ಕೈಗೊಂಡು ಒಂದು ಅಗ್ನಿ ಅವಘಡ ವಹಿಯನ್ನು ತೆರೆಯಬಹುದು. ಅದರಲ್ಲಿ ಈ ಅಂಶಗಳಿದ್ದರೆ ಸಾಕು:

1. ಬೆಂಕಿ ಕಂಡ ದಿನಾಂಕ, ವೇಳೆ; 101 ಅಥವಾ 112ಕ್ಕೆ ಕರೆ ಮಾಡಿದ ವೇಳೆ; ವಾಹನ ತಲುಪಿದ ವೇಳೆ.
2. ಸ್ಥಳ: ಸರ್ವೆ ನಂಬರ್ ಅಥವಾ ಪಂಚಾಯಿತಿ ಸ್ವತ್ತಿನ ಸಂಖ್ಯೆ.
3. ಸಾವು, ಗಾಯ, ಜಾನುವಾರು, ಬೆಳೆ, ಮೇವು ಮತ್ತು ಕಟ್ಟಡದ ಹಾನಿ, ದಿನಾಂಕವಿರುವ ಛಾಯಾಚಿತ್ರ.
4. ನೀರು ಸಿಕ್ಕ ಸ್ಥಳ ಮತ್ತು ಅದರ ದೂರ.
5. ಕಾರಣ, ಅದನ್ನು ತಿಳಿಸಿದವರು, ಇಬ್ಬರು ಸಾಕ್ಷಿಗಳ ಸಹಿ.

ಐದನೆಯ ಅಂಶದಲ್ಲಿ ಎಚ್ಚರ ಬೇಕು. ಕಾರಣ ತಿಳಿಯದಿದ್ದಾಗ "ಶಾರ್ಟ್ ಸರ್ಕ್ಯೂಟ್" ಎಂದು ಬರೆದುಬಿಡುವ ರೂಢಿಯಿದೆ. "ತಿಳಿದುಬಂದಿಲ್ಲ" ಎಂದು ಬರೆಯುವುದೇ ಪ್ರಾಮಾಣಿಕ ದಾಖಲೆ. ಊಹೆಯ ಕಾರಣವು ತನಿಖೆಯನ್ನೂ ದಾರಿ ತಪ್ಪಿಸುತ್ತದೆ, ನಿರಪರಾಧಿಯ ಮೇಲೂ ಆರೋಪ ತರಬಲ್ಲದು. ಇದಕ್ಕೆ ಪ್ರತಿಯಾಗಿ, ಜೋತುಬಿದ್ದ ತಂತಿಯ ಕಿಡಿಯಿಂದ ಒಂದೇ ಬಯಲಿನಲ್ಲಿ ಎರಡು ಮೂರು ಸಲ ಕಬ್ಬು ಸುಟ್ಟಿದೆಯೆಂದು ವಹಿ ತೋರಿಸಿದರೆ, ವಿದ್ಯುತ್ ಸರಬರಾಜು ಕಂಪನಿಗೆ ಬರೆಯುವ ಪತ್ರಕ್ಕೆ ಆಧಾರ ಬರುತ್ತದೆ.

ಈ ವಹಿಯು ಠಾಣೆಯ ವರದಿಗಾಗಲಿ, ಪೊಲೀಸ್ ದೂರಿಗಾಗಲಿ, ಕಂದಾಯ ಇಲಾಖೆಯ ಮಹಜರಿಗಾಗಲಿ ಬದಲಿಯಲ್ಲ. ಅವೆಲ್ಲಕ್ಕೂ ಮೊದಲ ಆಧಾರ. ಬೆಂಕಿ ಆರಿಸಿದ ದಿನವೇ, ಬೂದಿ ಬಾಚುವ ಮುನ್ನವೇ ಅದನ್ನು ಬರೆಯಬೇಕು. ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಬೇಸಿಗೆ ಕಾಲಿಡುವ ಮುನ್ನ ನಿರ್ಣಯ ಕೈಗೊಳ್ಳಬೇಕೆಂದು ಎಲ್ಲ ಸದಸ್ಯರಲ್ಲಿ ಕೋರಲಾಗಿದೆ.