ಅರವತ್ತು ಚುಕ್ಕಿಯಲ್ಲಿ ಒಂದು ಮುಖ
(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



‘ಬೆಂಗಳೂರಲ್ಲಿ ಏನು ಕೆಲಸ ಮಾಡ್ತೀಯ?’ ಎಂದು ಬೆಳಿಗ್ಗೆಯಿಂದ ಹತ್ತು ಜನ ಕೇಳಿದ್ದಾರೆ. ಕ್ಯಾಮೆರಾ ತೆಗೆದ ಚಿತ್ರದಲ್ಲಿ ಏನಿದೆ ಎಂದು ಗುರುತಿಸಲು ಕಂಪ್ಯೂಟರಿಗೆ ಕಲಿಸುತ್ತೇನೆ.

ನಮ್ಮ ದೊಡ್ಡಪ್ಪನನ್ನು ನೀವೆಲ್ಲ ಬಲ್ಲಿರಿ. ಮೊದಲು ಇರುಳುಗುರುಡು ಎಂದರು, ಆಮೇಲೆ ಹಗಲೂ ಮಬ್ಬಾಯಿತು. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಾಯಿಲೆ. ಕಣ್ಣಿನ ಹಿಂಪರದೆಯಲ್ಲಿ ಬೆಳಕು ಹಿಡಿಯುವ ಕೋಶಗಳು ಸಾಯುತ್ತಾ ಹೋಗುತ್ತವೆ. ಇಂಥವರಿಗಾಗಿ ಅಮೆರಿಕದಲ್ಲಿ ಆರ್ಗಸ್ 2 ಎಂಬ ಸಾಧನ ಮಾಡಿದರು. 2013ರಲ್ಲಿ ಅಲ್ಲಿನ ಸರ್ಕಾರದ ಅನುಮತಿಯೂ ಸಿಕ್ಕಿತು. ಕನ್ನಡಕದಲ್ಲಿ ಕ್ಯಾಮೆರಾ, ಮೈಮೇಲೆ ಧರಿಸುವ ಚಿಕ್ಕ ಕಂಪ್ಯೂಟರ್, ಕಣ್ಣೊಳಗೆ 60 ವಿದ್ಯುತ್ ತುದಿಗಳು. ಅವು ಮಿಡಿದಾಗ ಬೆಳಕಿನ ಚುಕ್ಕಿಗಳು ಕಾಣುತ್ತವೆ. ಇಲ್ಲಿರುವ ಅಕ್ಕಂದಿರಿಗೆ ಹೇಳುವುದಾದರೆ, ಹತ್ತು ಚುಕ್ಕಿ ಆರು ಸಾಲಿನ ರಂಗೋಲಿ.

ಒಂದು ರಾತ್ರಿ ನಮ್ಮ ಎಸ್‌ಎಸ್‌ಎಲ್‌ಸಿ ಗ್ರೂಪ್ ಫೋಟೋದ ಒಂದೊಂದೇ ಮುಖವನ್ನು 60 ಚುಕ್ಕಿಗೆ ಇಳಿಸಿ ನೋಡಿದೆ. ಹೆಡ್‌ಮಾಸ್ಟರೂ ಒಂದೇ, ಕೊನೆ ಬೆಂಚಿನ ನಾನೂ ಒಂದೇ! ಬಾಗಿಲು, ಕಿಟಕಿ ತಿಳಿಯಲು ಅಷ್ಟು ಚುಕ್ಕಿ ಸಾಕಾಗಬಹುದು, ಮುಖಕ್ಕೆ ಸಾಲದು.

ಆದರೆ ಕ್ಯಾಮೆರಾಕ್ಕೆ ಪೂರ್ತಿ ಮುಖ ಕಾಣುತ್ತದಲ್ಲ? ಕಂಪ್ಯೂಟರ್ ಆ ಚಿತ್ರದಲ್ಲಿ ಮುಖವನ್ನು ಹುಡುಕಿ, ಅದನ್ನು ಅಂಕಿಗಳ ಒಂದು ಸಾಲಾಗಿ ಮಾಡಿಕೊಂಡು, ಮೊದಲೇ ಇಟ್ಟುಕೊಂಡ ಸಾಲುಗಳ ಜೊತೆ ತಾಳೆ ನೋಡುತ್ತದೆ. ಹೊಂದಿದರೆ ಕಿವಿಯಲ್ಲಿ ಹೆಸರು ಹೇಳಬಹುದು. ಚುಕ್ಕಿಗಳಿಗೆ ಆಗ ಉಳಿಯುವ ಕೆಲಸ, ಆ ಮುಖ ಯಾವ ಕಡೆ ಇದೆ ಎಂದು ತೋರಿಸುವುದು.

2019ರಲ್ಲಿ ಆರ್ಗಸ್ ತಯಾರಿಕೆಯೇ ನಿಂತಿತು, ಹಾಕಿಸಿಕೊಂಡವರು ರಿಪೇರಿಗೆ ಪರದಾಡಿದರು. ದೊಡ್ಡಪ್ಪನಿಗೆ ಅದು ಸಿಗುವ ಮಾತಿಲ್ಲ. ಆದರೆ ಕಿವಿಗೆ ಹೆಸರು ಹೇಳಲು ಕಣ್ಣೊಳಗೆ ಏನೂ ಕೂರಿಸಬೇಕಿಲ್ಲವಲ್ಲ, ಕ್ಯಾಮೆರಾ ಮತ್ತು ಮೊಬೈಲ್ ಸಾಕು. ದೀಪಾವಳಿಗೆ ಬಂದಾಗ ಹಾಗೊಂದು ಕಟ್ಟಿಕೊಟ್ಟೆ. ಮೊದಲ ದಿನವೇ ಚಿಕ್ಕಪ್ಪನಿಗೆ ನನ್ನ ಹೆಸರು ಹೇಳಿತು. ದೊಡ್ಡಪ್ಪ ನಾನೆಂದುಕೊಂಡು, ಚಿಕ್ಕಪ್ಪನ ಮೇಲಿನ ಸಿಟ್ಟನ್ನೆಲ್ಲ ಚಿಕ್ಕಪ್ಪನ ಮುಂದೆಯೇ ತೋಡಿಕೊಂಡರು! ಈಗ ಸ್ವಲ್ಪ ಅನುಮಾನವಿದ್ದರೂ ಬಾಯಿ ಬಿಡದಂತೆ ಮಾಡಿದ್ದೇನೆ.

ಆಮೇಲೆ ದೊಡ್ಡಪ್ಪ ಹೇಳಿದರು: “ಮಾತಾಡ್ಸೋರು ಯಾರು ಅಂತ ದನಿ ಕೇಳಿದ್ರೆ ನಂಗೆ ಗೊತ್ತಾಗುತ್ತೆ ಕಣೋ. ಮಾತಾಡ್ಸದೆ ದಾಟ್ಕೊಂಡು ಹೋಗ್ತಾರಲ್ಲ, ಅವ್ರು ಯಾರು ಅಂತ ಹೇಳೋ ಹಾಗೆ ಮಾಡು.”

ಅದಕ್ಕೆ ನಿಮ್ಮ ಮುಖಗಳು ಬೇಕು, ಒಪ್ಪಿಗೆ ಇದ್ದವರದ್ದು ಮಾತ್ರ. ಊಟ ಮುಗಿಸಿ ಎಂಟನೇ ತರಗತಿಯ ಕೋಣೆಗೆ ಬನ್ನಿ. ದೊಡ್ಡಪ್ಪನೂ ಅಲ್ಲೇ ಕೂತಿರುತ್ತಾರೆ.