ಬಾಸ್ ಮೀನಿಗೆ ತೇಲುವ ಹುಳು



ಕೆರೆಯ ದಂಡೆಯಲ್ಲಿ ಗಾಳ ಹಾಕಿ ಕುಳಿತವರನ್ನು ನೀವು ನೋಡಿರುತ್ತೀರಿ. ಕೊಕ್ಕೆಗೆ ಎರೆಹುಳು ಸಿಕ್ಕಿಸಿ ನೀರಿಗೆ ಇಳಿಬಿಡುತ್ತಾರೆ. ಮೇಲೆ ಬೆಂಡು ಅಲ್ಲಾಡಿದರೆ ಕೆಳಗೆ ಮೀನು ಕಚ್ಚಿದೆ ಎಂದರ್ಥ. ಅಮೆರಿಕದಲ್ಲಿ ಬಾಸ್ ಮೀನು ಹಿಡಿಯುವ ಹವ್ಯಾಸಿಗಳು ಆ ಬೆಂಡನ್ನೇ ಹುಳುವಾಗಿ ಮಾಡಿಬಿಟ್ಟಿದ್ದಾರೆ. ಇಂದು ಆ ಹುಳುವಿನ ವಿಷಯ.

ದೊಡ್ಡಬಾಯಿಯ ಬಾಸ್ ಉತ್ತರ ಅಮೆರಿಕದ ಕೆರೆ, ಸರೋವರ, ನಿಧಾನವಾಗಿ ಹರಿಯುವ ಹೊಳೆಗಳ ಮೀನು. ಜೊಂಡಿನ ಮರೆಯಲ್ಲಿ ಹೊಂಚುಹಾಕಿ ಕಪ್ಪೆ, ಕೀಟ, ಸಣ್ಣ ಮೀನುಗಳನ್ನು ಗಬಕ್ಕನೆ ನುಂಗುತ್ತದೆ. ಅದರ ಮೈಯ ಎರಡೂ ಪಕ್ಕದಲ್ಲಿರುವ ಪಾರ್ಶ್ವರೇಖೆ ಎಂಬ ಅಂಗ ನೀರಿನ ಸಣ್ಣ ಅಲುಗಾಟವನ್ನೂ ಗ್ರಹಿಸುತ್ತದೆ. ನೀರಿನ ಮೇಲೆ 'ಗುಳುಕ್' ಎಂದರೆ ಅದಕ್ಕೆ ಊಟದ ಗಂಟೆ ಹೊಡೆದಂತೆ.

20ನೇ ಶತಮಾನದ ಆರಂಭದಲ್ಲಿ ಟೆನಿಸೀ ರಾಜ್ಯದ ಚಾಟನೂಗದಲ್ಲಿ ಅರ್ನೆಸ್ಟ್ ಪೆಕಿನ್‌ಪಾ ಇಂಥ ಹುಳುಗಳನ್ನು ಕಾರ್ಕಿನಿಂದ ಮಾಡಿದರು. ಕಾರ್ಕನ್ನು ಕೆತ್ತಬೇಕು, ಉಜ್ಜಬೇಕು, ಬಣ್ಣ ಹಚ್ಚಬೇಕು. ಫೋಮ್ ಹಾಳೆ ಬಂದ ಮೇಲೆ ಕತ್ತರಿ ಮತ್ತು ದಾರ ಸಾಕಾಯಿತು. ಮಸಾಚುಸೆಟ್ಸ್‌ನ ಜ್ಯಾಕ್ ಗಾರ್ಟ್‌ಸೈಡ್ ರೂಪಿಸಿದ 'ಗರ್ಗ್ಲರ್' ಅಂಥದ್ದು. ಕೊಕ್ಕೆಯ ಹಿಂಭಾಗದಲ್ಲಿ ಬಾಲಕ್ಕೆಂದು ಸ್ವಲ್ಪ ಕೂದಲು ಕಟ್ಟುತ್ತಾರೆ. ಕಿರಿದಾದ ಫೋಮ್ ಪಟ್ಟಿಯ ಒಂದು ತುದಿಯನ್ನು ಅಲ್ಲೇ ಬಿಗಿಯುತ್ತಾರೆ. ಪಟ್ಟಿಯನ್ನು ಬೆನ್ನಿನ ಮೇಲೆ ಮುಂದಕ್ಕೆ ಮಡಿಸಿ, ಕೊಕ್ಕೆಯ ಕಣ್ಣಿನ ಹತ್ತಿರ ಮತ್ತೆ ಬಿಗಿಯುತ್ತಾರೆ. ಉಳಿದ ತುದಿ ತುಟಿಯಂತೆ ಮುಂದೆ ಎದ್ದು ನಿಲ್ಲುತ್ತದೆ. ದಾರ ಎಳೆದಾಗ ಈ ತುಟಿ ನೀರನ್ನು ತಳ್ಳಿ ಸದ್ದು ಮಾಡುತ್ತದೆ.

ಇದನ್ನು ಒಂದು ಕಾರ್ಯಕ್ರಮದಲ್ಲಿ ತೋರಿಸಲು ಹೊರಟಾಗ ನಾನೊಂದು ತಪ್ಪು ಮಾಡಿದೆ. ಫೋಮ್ ಎಂದರೆ ಫೋಮ್ ತಾನೆ ಎಂದು ಹಾಸಿಗೆಯ ಸ್ಪಂಜಿನ ತುಂಡು ತರಿಸಿದೆ. ಬಿ.ಎಸ್‌ಸಿ. ಓದಿದವನು ನಾನು! ಗಾಜಿನ ತೊಟ್ಟಿಯಲ್ಲಿ ಹುಳು ಮೊದಲು ಚೆನ್ನಾಗಿಯೇ ತೇಲಿತು. ಆಮೇಲೆ ವಾಲಿತು. ಐದನೆಯ ನಿಮಿಷಕ್ಕೆ ತಳ ಸೇರಿತು. ತೇಲಿದ ಭಾಗ ಮಾತ್ರ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸೋಣ ಎಂದೆ. ಸಂಕಲನಕ್ಕೆ ಕುಳಿತಿದ್ದ ಹುಡುಗ, "ಸಾರ್, ಮಕ್ಕಳು ಮನೇಲಿ ಮಾಡಿದರೆ ಮುಳುಗುತ್ತಲ್ಲ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ. ಮುಳುಗಿದ್ದನ್ನೂ ಪ್ರಸಾರ ಮಾಡಿದೆವು.

ಅದು ಮುಳುಗಿದ್ದೇಕೆ? ಸ್ಪಂಜಿನ ರಂಧ್ರಗಳು ಒಂದಕ್ಕೊಂದು ಕೂಡಿಕೊಂಡಿವೆ. ಗಾಳಿ ಹೊರಟು ನೀರು ತುಂಬುತ್ತದೆ. ಹುಳು ಕಟ್ಟುವ ಫೋಮಿನಲ್ಲಿ ಪ್ರತಿಯೊಂದು ಗುಳ್ಳೆಯೂ ಮುಚ್ಚಿದ ಕೋಣೆ. ಒಂದು ಘನ ಸೆಂಟಿಮೀಟರ್ ಫೋಮ್ 0.1 ಗ್ರಾಂ ತೂಗುತ್ತದೆ ಎನ್ನೋಣ. ಪೂರ್ತಿ ಮುಳುಗಿದರೆ ಅದು 1 ಗ್ರಾಂ ನೀರನ್ನು ಸರಿಸುತ್ತದೆ. ಆರ್ಕಿಮಿಡೀಸ್ ತತ್ವದಂತೆ, ಕೊಕ್ಕೆ, ದಾರ, ಕೂದಲು ಎಲ್ಲ ಸೇರಿ ಸುಮಾರು 0.9 ಗ್ರಾಂ ಹೊರೆಯನ್ನು ಅದು ಎತ್ತಿಹಿಡಿಯಬಲ್ಲದು. ಆದರೆ ದಾರವನ್ನು ಅತಿಯಾಗಿ ಬಿಗಿದರೆ ಗುಳ್ಳೆಗಳು ಅಮುಕಿ ಗಾತ್ರ ಕುಗ್ಗುತ್ತದೆ, ತೇಲುವ ಶಕ್ತಿಯೂ ಕುಗ್ಗುತ್ತದೆ.

ನೀವೂ ಪರೀಕ್ಷಿಸಿ ನೋಡಿ. ಚೂಪಾದ ಕೊಕ್ಕೆ ಬೇಡ, ಬಗ್ಗಿಸಿದ ಜೆಮ್ ಕ್ಲಿಪ್ ಸಾಕು. ನೀರಿನಲ್ಲಿ ತೇಲುವ ಹಳೆಯ ಹವಾಯಿ ಚಪ್ಪಲಿಯಿಂದ ತೆಳುವಾದ ಪಟ್ಟಿ ಕತ್ತರಿಸಿಕೊಳ್ಳಿ. ಬಕೆಟ್ಟಿನಲ್ಲಿ ಹತ್ತು ನಿಮಿಷ ತೇಲುತ್ತದೆಯೇ? ಹತ್ತು ಸಲ ಮೇಲಿನಿಂದ ಬೀಳಿಸಿದರೆ ಎಷ್ಟು ಸಲ ಕ್ಲಿಪ್ ಕೆಳಗಾಗಿ ನಿಲ್ಲುತ್ತದೆ? ದಾರ ಎಳೆದರೆ ಸದ್ದು ಬರುತ್ತದೆಯೇ? ತುಟಿಯ ಉದ್ದ, ಪಟ್ಟಿಯ ಅಗಲ, ದಾರದ ಬಿಗಿ, ಇವುಗಳಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಕಾಲೇಜಿನ ಪ್ರಯೋಗಾಲಯದಲ್ಲಿ ಬರಬೇಕಾದ ಉತ್ತರ ಮೊದಲೇ ಗೊತ್ತಿರುತ್ತದೆ. ಅಂಕಕ್ಕಾಗಿ ಅಂಕಿಗಳನ್ನು ಹೊಂದಿಸುವ ಆಸೆಯೂ ಹುಟ್ಟುತ್ತದೆ. ನನಗೂ ಹುಟ್ಟಿತ್ತು, ನಲವತ್ತು ದಾಟಿದ ಮೇಲೂ. ಬಾಸ್ ಮೀನು ಅಂಕ ಕೊಡುವುದಿಲ್ಲ. ಹುಳು ಮುಳುಗಿದರೆ ಅದು ಮೇಲೆ ಬರುವುದೂ ಇಲ್ಲ. ಆದ್ದರಿಂದ ಮುಳುಗಿದ ಹುಳುವಿನ ಲೆಕ್ಕವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದಿನ ಹುಳುವನ್ನು ತೇಲಿಸುವುದು ಆ ಪುಟವೇ.